ಎಸ್.ಎಸ್.ಪಿ. ಚೌರಾಸಿಯಾ

ಶಿವ ಶಂಕರ ಪ್ರಸಾದ್ ಚೌರಾಸಿಯಾ (ಜನನ: 15 ಮೇ 1978) ಭಾರತದ ವೃತ್ತಿಪರ ಗಾಲ್ಫ್ ಆಟಗಾರರು. ಕ್ರೀಡಾ ವಲಯದಲ್ಲಿ ಇವರು ಎಸ್.ಎಸ್.ಪಿ. ಚೌರಾಸಿಯಾ ಎಂಬ ಹ್ರಸ್ವನಾಮದಿಂದಲೇ ಪರಿಚಿತರು. ಕೋಲ್ಕತ್ತದವರಾದ ಇವರು ಏಷ್ಯನ್ ಟೂರ್‌ನಲ್ಲಿ ಆರು ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಅವುಗಳ ಪೈಕಿ ನಾಲ್ಕು ಪಂದ್ಯಾವಳಿಗಳು ಯುರೋಪಿಯನ್ ಟೂರ್‌ನ ಮಾನ್ಯತೆಯನ್ನೂ ಪಡೆದಿದ್ದವು. 2016 ಮತ್ತು 2017ರಲ್ಲಿ ಸತತವಾಗಿ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದರು. 2016ರ ರಿಯೊ ಒಲಿಂಪಿಕ್ ಕ್ರೀಡಾಕೂಟದಲ್ಲಿ ಭಾರತವನ್ನು ಪ್ರತಿನಿಧಿಸಿದರು. 2017ರಲ್ಲಿ ಇವರಿಗೆ ಅರ್ಜುನ ಪ್ರಶಸ್ತಿ ದೊರೆಯಿತು.

ಗಾಲ್ಫ್ ಅಂಗಳದ ಹುಲ್ಲು ನೋಡಿಕೊಳ್ಳುವ ನೌಕರರೊಬ್ಬರ ಮಗ ಅದೇ ಆಟದ ಅಂತರರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರೆಂಬುದು ಇವರ ಜೀವನದ ಬಹುಚರ್ಚಿತ ಸಂಗತಿ. ಆದರೆ ಇವರ ವೃತ್ತಿಜೀವನದ ಸ್ವರೂಪವನ್ನು ತಿಳಿಯಲು ಅದೊಂದೇ ಸಾಲದು. ತವರಿನ ಹಳೆಯ ಪಂದ್ಯಾವಳಿಯಲ್ಲಿ ಹದಿನಾರು ವರ್ಷಗಳ ಅವಧಿಯಲ್ಲಿ ನಾಲ್ಕು ಬಾರಿ ಎರಡನೆಯ ಸ್ಥಾನದಲ್ಲಿ ನಿಂತು, ಆ ಬಳಿಕ ಅದನ್ನು ಗೆದ್ದದ್ದು ಅಷ್ಟೇ ಮುಖ್ಯವಾದ ಸಂಗತಿಯಾಗಿದೆ.

ಬಾಲ್ಯ ಮತ್ತು ಹಿನ್ನೆಲೆ

ಚೌರಾಸಿಯಾ ಅವರ ತಂದೆ ಕೋಲ್ಕತ್ತದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಗ್ರೀನ್ ನಿರ್ವಹಣೆಯ ಕೆಲಸದಲ್ಲಿದ್ದರು. 1829ರಲ್ಲಿ ಸ್ಥಾಪನೆಯಾದ ಈ ಕ್ಲಬ್ ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ ಎಂದು ಹೆಸರಾಗಿದೆ. ನಗರದ ದಕ್ಷಿಣ ಭಾಗದ ಟಾಲಿಗಂಜ್‌ನಲ್ಲಿರುವ ಇದರ ಅಂಗಳವು ಸಮತಟ್ಟಾಗಿದ್ದು, ನಡುನಡುವೆ ಕೆರೆಕುಂಟೆಗಳನ್ನು ಹೊಂದಿದೆ.

ಗ್ರೀನ್ ಎಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತಲಿನ, ಅತಿ ಗಿಡ್ಡವಾಗಿ ಕತ್ತರಿಸಿದ ಹುಲ್ಲಿನ ಹಾಸು. ಹುಲ್ಲಿನ ಎತ್ತರವನ್ನು ಕೆಲವೇ ಮಿಲಿಮೀಟರುಗಳಷ್ಟು ಇರಿಸುವುದು, ನೀರುಣಿಸುವುದು, ಕುಳಿಯ ಜಾಗವನ್ನು ಕಾಲಕಾಲಕ್ಕೆ ಬದಲಿಸುವುದು ಈ ಕೆಲಸದ ಭಾಗ. ಹುಲ್ಲು ಯಾವ ಕಡೆಗೆ ವಾಲಿದೆ, ಬೆಳಗಿನ ತೇವದಲ್ಲಿ ಚೆಂಡು ಎಷ್ಟು ನಿಧಾನವಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ನೆಲ ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಆಟಗಾರರು ಲೆಕ್ಕ ಹಾಕಿ ತಿಳಿಯುತ್ತಾರೆ. ಹುಲ್ಲಿನ ಕೆಲಸದವರಿಗೆ ಅದು ದಿನನಿತ್ಯದ ಒಡನಾಟದಿಂದ ಬಂದ ತಿಳಿವಳಿಕೆ. ಚೌರಾಸಿಯಾ ಬೆಳೆದದ್ದು ಇಂಥ ಪರಿಸರದಲ್ಲಿ. ಹತ್ತನೆಯ ವಯಸ್ಸಿನಲ್ಲಿ ಅವರು ಗಾಲ್ಫ್ ದಂಡವನ್ನು ಕೈಗೆತ್ತಿಕೊಂಡರು. ಶಿಸ್ತಿನ ತರಬೇತಿ ಶಾಲೆಯಲ್ಲಿ ಕಲಿಯದೆ, ಇತರರ ಆಟವನ್ನು ನೋಡಿ ತಾವೇ ರೂಢಿಸಿಕೊಂಡರು. ಮುಂದೆ ಅವರಿಗೆ ಹೆಸರು ತಂದುಕೊಟ್ಟದ್ದು ಗ್ರೀನ್ ಸುತ್ತಲಿನ ಆಟವೇ ಎಂಬುದು ಕೇವಲ ಆಕಸ್ಮಿಕವಾಗಿರಲಾರದು.

ಅಮೆರಿಕದ ಪಿಜಿಎ ಟೂರ್‌ನಲ್ಲಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಅರ್ಜುನ್ ಅತ್ವಾಲ್ ಕೂಡ ಆಟ ಕಲಿತದ್ದು ಇದೇ ಕ್ಲಬ್‌ನಲ್ಲಿ. ಇಬ್ಬರೂ ಒಂದೇ ಅಂಗಳದವರು; ಆದರೆ ಅವರು ಅಂಗಳದೊಳಗೆ ಬಂದ ಬಾಗಿಲುಗಳು ಬೇರೆ ಬೇರೆ. ಉಳ್ಳವರ ಆಟವೆಂದೇ ಹೆಸರಾದ ಗಾಲ್ಫ್‌ಗೆ ಭಾರತದಲ್ಲಿ ಈ ಎರಡು ಮೂಲಗಳು ಮೊದಲಿನಿಂದಲೂ ಇವೆ: ಒಂದು, ಕ್ಲಬ್ ಸದಸ್ಯರ ಕುಟುಂಬಗಳು, ಇನ್ನೊಂದು, ಅಲ್ಲಿ ಚೀಲ ಹೊರುವ, ಚೆಂಡು ಆಯುವ, ಹುಲ್ಲು ಕತ್ತರಿಸುವವರ ಕುಟುಂಬಗಳು.

ಪ್ರಾದೇಶಿಕ ಟೂರ್‌ನ ಸ್ವರೂಪ

ವೃತ್ತಿಪರ ಗಾಲ್ಫ್‌ನಲ್ಲಿ ‘ಟೂರ್’ ಎಂದರೆ ವರ್ಷವಿಡೀ ಬೇರೆ ಬೇರೆ ಊರುಗಳಲ್ಲಿ ನಡೆಯುವ ಪಂದ್ಯಾವಳಿಗಳ ಸರಣಿ ಹಾಗೂ ಅದನ್ನು ನಡೆಸುವ ಸಂಸ್ಥೆ. ಕ್ರಿಕೆಟ್ಟಿನಂತೆ ಇಲ್ಲಿ ಮಂಡಳಿಯ ಸಂಬಳವಾಗಲಿ, ತಂಡದ ಗುತ್ತಿಗೆಯಾಗಲಿ ಇಲ್ಲ. ಪ್ರಯಾಣ, ವಸತಿ, ಊಟ, ಕ್ಯಾಡಿಯ ಕೂಲಿ ಎಲ್ಲವನ್ನೂ ಆಟಗಾರನೇ ಭರಿಸಬೇಕು. ಪಂದ್ಯಾವಳಿ ಸಾಮಾನ್ಯವಾಗಿ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ಸುತ್ತು ನಡೆಯುತ್ತದೆ. ಪ್ರತಿ ಸುತ್ತಿಗೆ 18 ಕುಳಿಗಳು. ಮೊದಲ ಎರಡು ಸುತ್ತುಗಳ ನಂತರ ಸುಮಾರು ಅರ್ಧದಷ್ಟು ಆಟಗಾರರನ್ನು ಕೈಬಿಡಲಾಗುತ್ತದೆ. ಇದಕ್ಕೆ ‘ಕಟ್’ ಎನ್ನುತ್ತಾರೆ. ಕಟ್ ದಾಟದವರಿಗೆ ಬಹುಮಾನದ ಹಣದಲ್ಲಿ ಪಾಲಿಲ್ಲ. ಆ ವಾರದ ಖರ್ಚು ಕೈಯಿಂದ ಹೋದಂತೆಯೇ. ಅದೇ ವೇಳೆ ವಿಜೇತರಿಗೆ ಒಟ್ಟು ಬಹುಮಾನದ ಸುಮಾರು ಆರನೇ ಒಂದು ಭಾಗ ಸಲ್ಲುತ್ತದೆ. ಹೀಗಾಗಿ ಒಂದು ಗೆಲುವು ಹಲವು ವರ್ಷಗಳ ಬದುಕನ್ನು ಬದಲಿಸಬಲ್ಲದು.

ಏಷ್ಯಾದಲ್ಲಿ ಇಂತಹ ವ್ಯವಸ್ಥೆ 1995ರಲ್ಲಿ ಆರಂಭವಾಗಿ, 2004ರಲ್ಲಿ ಏಷ್ಯನ್ ಟೂರ್ ಎಂಬ ಇಂದಿನ ರೂಪಕ್ಕೆ ಬಂದಿತು. ಭಾರತದೊಳಗಿನ ಸರಣಿಯನ್ನು 2006ರಿಂದ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ ನಡೆಸುತ್ತಿದೆ. ದೇಶೀಯ ಟೂರ್‌ನಿಂದ ಏಷ್ಯನ್ ಟೂರ್‌ಗೆ, ಅಲ್ಲಿಂದ ಯುರೋಪ್ ಅಥವಾ ಅಮೆರಿಕದ ಟೂರ್‌ಗೆ ಏರುವುದು ಭಾರತೀಯ ಆಟಗಾರರ ರೂಢಿಯ ದಾರಿ. ಪ್ರತಿ ಮೆಟ್ಟಿಲಿನಲ್ಲೂ ಆಡುವ ಹಕ್ಕನ್ನು, ಅಂದರೆ ‘ಕಾರ್ಡ್’ ಅನ್ನು, ವರ್ಷವರ್ಷವೂ ಗಳಿಸಿ ಉಳಿಸಿಕೊಳ್ಳಬೇಕು. ವರ್ಷದ ಗಳಿಕೆಯ ಪಟ್ಟಿಯಲ್ಲಿ ಕೆಳಗೆ ಜಾರಿದವರು ಅರ್ಹತಾ ಪಂದ್ಯಗಳಿಗೆ ಹಿಂದಿರುಗಬೇಕಾಗುತ್ತದೆ.

ಇದಕ್ಕೊಂದು ಅಡ್ಡದಾರಿಯೂ ಇತ್ತು. ಎರಡು ಟೂರ್‌ಗಳು ಸೇರಿ ಒಂದೇ ಪಂದ್ಯಾವಳಿಗೆ ಮಾನ್ಯತೆ ನೀಡಿದಾಗ, ಏಷ್ಯನ್ ಟೂರ್‌ನ ಸದಸ್ಯರು ತಮ್ಮದೇ ನೆಲದಲ್ಲಿ ಯುರೋಪಿನ ಆಟಗಾರರೊಂದಿಗೆ ಸೆಣಸುತ್ತಿದ್ದರು. ಗೆದ್ದರೆ ಯುರೋಪಿಯನ್ ಟೂರ್‌ನ ಕಾರ್ಡ್ ನೇರವಾಗಿ ಕೈಸೇರುತ್ತಿತ್ತು. ಚೌರಾಸಿಯಾ ಅವರ ವೃತ್ತಿಜೀವನ ತಿರುವು ಪಡೆದದ್ದು ಇಂತಹ ಜಂಟಿ ಪಂದ್ಯಾವಳಿಗಳಲ್ಲಿಯೇ.

ಆರಂಭದ ವರ್ಷಗಳು

ಚೌರಾಸಿಯಾ 1997ರಲ್ಲಿ ವೃತ್ತಿಪರ ಆಟಗಾರರಾದರು. ಮುಂದಿನ ಹತ್ತು ವರ್ಷಗಳ ಹೆಚ್ಚಿನ ಭಾಗವನ್ನು ದೇಶೀಯ ಟೂರ್‌ನಲ್ಲಿ ಕಳೆದು, ಅಲ್ಲಿ ಹಲವು ಪ್ರಶಸ್ತಿಗಳನ್ನು ಗಳಿಸಿದರು. 1999ರ ಇಂಡಿಯನ್ ಓಪನ್‌ನಲ್ಲಿ ಅರ್ಜುನ್ ಅತ್ವಾಲ್ ಪ್ರಶಸ್ತಿ ಗೆದ್ದಾಗ ಎರಡನೆಯ ಸ್ಥಾನದಲ್ಲಿದ್ದವರಲ್ಲಿ ಇಪ್ಪತ್ತೊಂದು ವರ್ಷದ ಚೌರಾಸಿಯಾ ಕೂಡ ಇದ್ದರು. ಅವರ ಹೆಸರು ಕೋಲ್ಕತ್ತದ ಹೊರಗೆ ಕೇಳಿಬಂದದ್ದು ಆಗ. 2006ರಲ್ಲಿ ಅದೇ ಪಂದ್ಯಾವಳಿಯನ್ನು ಅವರು ಪ್ಲೇಆಫ್‌ವರೆಗೆ ಕೊಂಡೊಯ್ದರಾದರೂ ಜ್ಯೋತಿ ರಾಂಧವಾ ಎದುರು ಸೋತರು. ಪ್ಲೇಆಫ್ ಎಂದರೆ ನಾಲ್ಕು ಸುತ್ತುಗಳ ನಂತರ ಹೊಡೆತಗಳ ಸಂಖ್ಯೆ ಸಮನಾದಾಗ ಒಂದೊಂದೇ ಕುಳಿಯನ್ನು ಆಡಿ ವಿಜೇತರನ್ನು ನಿರ್ಧರಿಸುವ ಕ್ರಮ.

2008ರ ಇಂಡಿಯನ್ ಮಾಸ್ಟರ್ಸ್

2008ರ ಫೆಬ್ರುವರಿಯಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ನಡೆದ ಇಂಡಿಯನ್ ಮಾಸ್ಟರ್ಸ್, ಭಾರತದಲ್ಲಿ ನಡೆದ ಮೊದಲ ಯುರೋಪಿಯನ್ ಟೂರ್ ಪಂದ್ಯಾವಳಿ. ಒಟ್ಟು ಬಹುಮಾನ 25 ಲಕ್ಷ ಡಾಲರ್. ದಕ್ಷಿಣ ಆಫ್ರಿಕಾದ ಅರ್ನಿ ಎಲ್ಸ್ ಅವರಂತಹ ಪ್ರಸಿದ್ಧರು ಕಣದಲ್ಲಿದ್ದರು. ಭಾರತೀಯರಲ್ಲಿ ಯಾರಾದರೂ ಗೆದ್ದರೆ ಅದು ಜೀವ್ ಮಿಲ್ಖಾ ಸಿಂಗ್ ಅಥವಾ ಜ್ಯೋತಿ ರಾಂಧವಾ ಆಗಬಹುದೆಂಬುದು ಸಹಜವಾದ ನಿರೀಕ್ಷೆಯಾಗಿತ್ತು. ವಿಶ್ವ ಶ್ರೇಯಾಂಕದಲ್ಲಿ ಬಹಳ ಕೆಳಗಿದ್ದ ಚೌರಾಸಿಯಾ ಅವರತ್ತ ಗಮನ ಹರಿಸಿದವರು ವಿರಳ.

ಕೊನೆಯ ಸುತ್ತನ್ನು 67 ಹೊಡೆತಗಳಲ್ಲಿ ಮುಗಿಸಿದ ಚೌರಾಸಿಯಾ, ಒಟ್ಟು 279 ಹೊಡೆತಗಳೊಂದಿಗೆ (ಪಾರ್‌ಗಿಂತ 9 ಕಡಿಮೆ) ಐರ್ಲೆಂಡಿನ ಡೇಮಿಯನ್ ಮೆಗ್ರೇನ್ ಅವರನ್ನು ಎರಡು ಹೊಡೆತಗಳ ಅಂತರದಿಂದ ಹಿಂದಿಕ್ಕಿದರು. ಅರ್ಜುನ್ ಅತ್ವಾಲ್ ಮತ್ತು ಜೀವ್ ಮಿಲ್ಖಾ ಸಿಂಗ್ ಅವರ ನಂತರ ಯುರೋಪಿಯನ್ ಟೂರ್‌ನಲ್ಲಿ ಗೆದ್ದ ಮೂರನೆಯ ಭಾರತೀಯರಾದರು. ಮೊದಲ ಬಹುಮಾನ ನಾಲ್ಕು ಲಕ್ಷ ಡಾಲರುಗಳಿಗೂ ಮಿಕ್ಕಿತ್ತು. ದೇಶೀಯ ಟೂರ್‌ನಲ್ಲಿ ದಶಕವಿಡೀ ದುಡಿದ ಆಟಗಾರರೊಬ್ಬರಿಗೆ ಇದು ಎಣಿಕೆಗೆ ಮೀರಿದ ಮೊತ್ತ. ಅದಕ್ಕಿಂತ ಮಹತ್ವದ್ದು ಗೆಲುವಿನೊಂದಿಗೆ ಬಂದ, ಯುರೋಪಿಯನ್ ಟೂರ್‌ನಲ್ಲಿ ಎರಡು ವರ್ಷ ಆಡುವ ಅರ್ಹತೆ. ಈ ಪಂದ್ಯಾವಳಿ ಮತ್ತೆ ನಡೆಯಲಿಲ್ಲ. ಹಾಗಾಗಿ ಅದರ ವಿಜೇತರ ಪಟ್ಟಿಯಲ್ಲಿ ಇರುವುದು ಚೌರಾಸಿಯಾ ಅವರ ಹೆಸರೊಂದೇ.

2011 ಮತ್ತು 2014

ಯುರೋಪಿಯನ್ ಟೂರ್‌ನ ಅರ್ಹತೆ ದೊರೆತ ಮಾತ್ರಕ್ಕೆ ಅಲ್ಲಿ ಯಶಸ್ಸು ಖಚಿತವಲ್ಲ. ಅಲ್ಲಿನ ಅಂಗಳಗಳು ಉದ್ದವಾದವು. ಚಳಿ, ಗಾಳಿ, ಒದ್ದೆ ನೆಲಗಳಲ್ಲಿ ಚೆಂಡು ದೂರ ಹೋಗುವುದಿಲ್ಲ. ಗಿಡ್ಡ ದೇಹದ, ದೂರದ ಹೊಡೆತವನ್ನು ನೆಚ್ಚದ ಆಟಗಾರನಿಗೆ ಇದು ಪ್ರತಿಕೂಲ ಪರಿಸ್ಥಿತಿ. ಚೌರಾಸಿಯಾ ಅವರ ಮುಂದಿನ ಗೆಲುವು ಬಂದದ್ದು ಮತ್ತೆ ಭಾರತದಲ್ಲಿಯೇ. 2011ರ ಫೆಬ್ರುವರಿಯಲ್ಲಿ ಗುರುಗ್ರಾಮದ (ಆಗಿನ ಗುಡಗಾಂವ್) ಡಿಎಲ್ಎಫ್ ಅಂಗಳದಲ್ಲಿ ನಡೆದ ಅವಂತಾ ಮಾಸ್ಟರ್ಸ್‌ನಲ್ಲಿ ಪಾರ್‌ಗಿಂತ 15 ಕಡಿಮೆ ಹೊಡೆತಗಳೊಂದಿಗೆ ಇಂಗ್ಲೆಂಡಿನ ರಾಬರ್ಟ್ ಕೋಲ್ಸ್ ಅವರನ್ನು ಒಂದು ಹೊಡೆತದಿಂದ ಸೋಲಿಸಿದರು. ಇದು ಕೂಡ ಜಂಟಿ ಮಾನ್ಯತೆಯ ಪಂದ್ಯಾವಳಿಯಾಗಿದ್ದುದರಿಂದ ಯುರೋಪಿನ ಬಾಗಿಲು ಇನ್ನೊಮ್ಮೆ ತೆರೆಯಿತು. 2014ರಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ನಡೆದ ಪ್ಯಾನಸಾನಿಕ್ ಓಪನ್ ಇಂಡಿಯಾ ಪ್ರಶಸ್ತಿಯನ್ನೂ ಗೆದ್ದರು. ಇದಕ್ಕೆ ಏಷ್ಯನ್ ಟೂರ್‌ನ ಮಾನ್ಯತೆ ಇತ್ತು.

ಇಂಡಿಯನ್ ಓಪನ್: ನಾಲ್ಕು ಸೋಲು, ಎರಡು ಗೆಲುವು

ಇಂಡಿಯನ್ ಓಪನ್ 1964ರಲ್ಲಿ ಆರಂಭವಾಯಿತು. ಮೊದಲ ವಿಜೇತರು ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಮರುವರ್ಷವೇ ಹವ್ಯಾಸಿ ಆಟಗಾರ ಪಿ.ಜಿ. ಸೇಠಿ ಅದನ್ನು ಗೆದ್ದರು. ಆದರೆ ಭಾರತದ ವೃತ್ತಿಪರ ಆಟಗಾರರೊಬ್ಬರು ಈ ಪ್ರಶಸ್ತಿ ಗೆಲ್ಲಲು 1991ರವರೆಗೆ ಕಾಯಬೇಕಾಯಿತು. ಆ ವರ್ಷ ಗೆದ್ದ ಅಲಿ ಶೇರ್ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಕ್ಯಾಡಿಯಾಗಿದ್ದವರು. 1993ರಲ್ಲಿ ಮತ್ತೊಮ್ಮೆ ಗೆದ್ದರು. ಭಾರತದ ವೃತ್ತಿಪರ ಗಾಲ್ಫರ್‌ಗಳಿಗೆ ಈ ಪ್ರಶಸ್ತಿ ಹಣಕ್ಕಿಂತ ಹೆಚ್ಚಿನದು. ಚೌರಾಸಿಯಾ ಅವರಿಗೂ ಹಾಗೆಯೇ ಇತ್ತು.

1999 ಮತ್ತು 2006ರ ಎರಡನೆಯ ಸ್ಥಾನಗಳನ್ನು ಮೇಲೆ ಹೇಳಲಾಗಿದೆ. 2013ರಲ್ಲಿ ದೆಹಲಿಯಲ್ಲಿ ನಡೆದ ಪಂದ್ಯಾವಳಿಯಲ್ಲಿ ಬಾಂಗ್ಲಾದೇಶದ ಸಿದ್ದಿಕುರ್ ರಹಮಾನ್ ಗೆದ್ದರು. ಕೇವಲ ಒಂದು ಹೊಡೆತದಿಂದ ಹಿಂದುಳಿದ ಚೌರಾಸಿಯಾ ಮತ್ತು ಅನಿರ್ಬನ್ ಲಾಹಿರಿ ಎರಡನೆಯ ಸ್ಥಾನವನ್ನು ಹಂಚಿಕೊಂಡರು. ಸಿದ್ದಿಕುರ್ ಢಾಕಾದ ಕುರ್ಮಿಟೋಲಾ ಅಂಗಳದಲ್ಲಿ ಚೆಂಡು ಆಯುವ ಹುಡುಗನಾಗಿ ಬಂದು ಆಟಗಾರರಾದವರು. ಹುಲ್ಲು ನೋಡಿಕೊಳ್ಳುವವರ ಮಗ ಮತ್ತು ಚೆಂಡು ಆಯುವ ಹುಡುಗ, ಉಪಖಂಡದ ಅತಿ ಹಳೆಯ ಪ್ರಶಸ್ತಿಗಳಲ್ಲೊಂದಕ್ಕೆ ಒಂದೇ ಹೊಡೆತದ ಅಂತರದಲ್ಲಿ ಸೆಣಸಿದ ಆ ಭಾನುವಾರವನ್ನು ಗಾಲ್ಫ್ ಚರಿತ್ರಕಾರರು ಇನ್ನಷ್ಟು ಗಮನಿಸಬೇಕಿತ್ತು.

ಎಲ್ಲಕ್ಕಿಂತ ಕಹಿಯಾದದ್ದು 2015ರ ಸೋಲು. ಆ ವರ್ಷದ ಫೆಬ್ರುವರಿಯಲ್ಲಿ ಅಂತಿಮ ಸುತ್ತಿಗೆ ಮುನ್ನ ಚೌರಾಸಿಯಾ ಮುಂದಿದ್ದರು. ಬೆಂಗಳೂರನ್ನು ನೆಲೆಯಾಗಿಸಿಕೊಂಡಿದ್ದ ಅನಿರ್ಬನ್ ಲಾಹಿರಿ ಅವರಿಗಿಂತ ಏಳು ಹೊಡೆತಗಳಷ್ಟು ಹಿಂದೆ ಇದ್ದರು. ಅಷ್ಟು ಅಂತರವನ್ನು ಒಂದೇ ದಿನದಲ್ಲಿ ತುಂಬುವುದು ಅಪರೂಪ. ಆದರೆ ಚೌರಾಸಿಯಾ ಅವರ ಆಟ ಆ ದಿನ ಕೈಕೊಟ್ಟಿತು. ಲಾಹಿರಿ ಸಮಬಲ ಸಾಧಿಸಿ, ಪ್ಲೇಆಫ್‌ನಲ್ಲಿ ಗೆದ್ದರು. ಗಾಲ್ಫ್‌ನಲ್ಲಿ ಸೋಲನ್ನು ಹೊರಿಸಲು ಜೊತೆಗಾರನಿಲ್ಲ, ತೀರ್ಪುಗಾರನ ಎಡವಟ್ಟಿಲ್ಲ. ಕೈತಪ್ಪಿದ ಪ್ರತಿ ಹೊಡೆತವೂ ಆಟಗಾರ ಸ್ವತಃ ಸಹಿ ಹಾಕುವ ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ.

ಹದಿಮೂರು ತಿಂಗಳ ನಂತರ, 2016ರ ಮಾರ್ಚ್‌ನಲ್ಲಿ, ಅದೇ ದೆಹಲಿ ಅಂಗಳದಲ್ಲಿ ಚೌರಾಸಿಯಾ ಒಟ್ಟು 273 ಹೊಡೆತಗಳಲ್ಲಿ (ಪಾರ್‌ಗಿಂತ 15 ಕಡಿಮೆ) ಆಟ ಮುಗಿಸಿ ಇಂಡಿಯನ್ ಓಪನ್ ಗೆದ್ದರು. ಎರಡು ಹೊಡೆತಗಳ ಅಂತರದಿಂದ ಎರಡನೆಯ ಸ್ಥಾನ ಹಂಚಿಕೊಂಡವರಲ್ಲಿ ಒಬ್ಬರು ದಕ್ಷಿಣ ಕೊರಿಯಾದ ವಾಂಗ್ ಜಂಗ್‌ಹುನ್, ಇನ್ನೊಬ್ಬರು ಹಿಂದಿನ ವರ್ಷ ಅವರಿಂದ ಪ್ರಶಸ್ತಿ ಕಸಿದಿದ್ದ ಲಾಹಿರಿ. ಆಗ ಚೌರಾಸಿಯಾ ಅವರಿಗೆ ಮೂವತ್ತೇಳು ವರ್ಷ.

ಮರುವರ್ಷ ಪಂದ್ಯಾವಳಿ ಗುರುಗ್ರಾಮದ ಡಿಎಲ್ಎಫ್ ಅಂಗಳಕ್ಕೆ ಸ್ಥಳಾಂತರವಾಯಿತು. ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ ವಿನ್ಯಾಸದ ಈ ಅಂಗಳ ಏರಿಳಿತದ ಗ್ರೀನ್‌ಗಳಿಂದ, ಆಳವಾದ ಮರಳುಗುಂಡಿಗಳಿಂದ ಕೂಡಿದ್ದು, ಆಟಗಾರರಿಗೆ ಕಠಿಣ ಪರೀಕ್ಷೆಯಾಯಿತು. ದೆಹಲಿಯ ಪರಿಚಿತ ಅಂಗಳ ಬಿಟ್ಟರೆ ಚೌರಾಸಿಯಾ ಆಟ ನಡೆಯದೆಂಬ ಅಭಿಪ್ರಾಯಕ್ಕೆ ಇದು ಪರೀಕ್ಷೆಯೂ ಹೌದು. ಅವರು 278 ಹೊಡೆತಗಳೊಂದಿಗೆ (ಪಾರ್‌ಗಿಂತ 10 ಕಡಿಮೆ) ಮಲೇಷ್ಯಾದ ಗೇವಿನ್ ಗ್ರೀನ್ ಅವರನ್ನು ಏಳು ಹೊಡೆತಗಳ ಅಂತರದಿಂದ ಸೋಲಿಸಿದರು. 2006 ಮತ್ತು 2007ರಲ್ಲಿ ಗೆದ್ದ ಜ್ಯೋತಿ ರಾಂಧವಾ ಅವರ ನಂತರ ಪ್ರಶಸ್ತಿಯನ್ನು ಸತತವಾಗಿ ಉಳಿಸಿಕೊಂಡ ಮೊದಲಿಗರು ಚೌರಾಸಿಯಾ. ಎರಡು ವರ್ಷಗಳ ಹಿಂದೆ ಒಂದೇ ದಿನದಲ್ಲಿ ಕರಗಿಹೋಗಿದ್ದ ಅಂತರವೂ ಏಳು. ಈ ಬಾರಿ ಗೆಲುವಿನ ಅಂತರವೂ ಏಳು. ಈ ಪ್ರಶಸ್ತಿ ಏಷ್ಯನ್ ಟೂರ್‌ನಲ್ಲಿ ಅವರ ಆರನೆಯದು, ಯುರೋಪಿಯನ್ ಟೂರ್‌ನಲ್ಲಿ ನಾಲ್ಕನೆಯದು.

ವಿದೇಶದಲ್ಲಿ ಗೆಲುವು ಮತ್ತು ದೇಶದ ಪರ ಆಟ

ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂಬ ಗಾದೆಯನ್ನು ಚೌರಾಸಿಯಾ ಅವರಿಗೆ ಅನ್ವಯಿಸಿದವರಿದ್ದರೆ ಅವರಿಗೆ ಆಧಾರವಿಲ್ಲದೆ ಇರಲಿಲ್ಲ. 2016ರ ಇಂಡಿಯನ್ ಓಪನ್ ವರೆಗಿನ ಅವರ ಅಂತರರಾಷ್ಟ್ರೀಯ ಪ್ರಶಸ್ತಿಗಳೆಲ್ಲ ದೆಹಲಿ ಮತ್ತು ಅದರ ನೆರೆಯ ಗುರುಗ್ರಾಮದಲ್ಲಿ ಬಂದಂಥವು. 2016ರ ನವೆಂಬರಿನಲ್ಲಿ ಫಿಲಿಪ್ಪೀನ್ಸ್‌ನ ಮನಿಲಾ ಸೌತ್‌ವುಡ್ಸ್ ಅಂಗಳದಲ್ಲಿ ನಡೆದ ಮನಿಲಾ ಮಾಸ್ಟರ್ಸ್ ಆ ಮಾತನ್ನು ಕೊನೆಗಾಣಿಸಿತು. ಅಲ್ಲಿ ಅವರು ಆಸ್ಟ್ರೇಲಿಯದ ಸ್ಯಾಮ್ ಬ್ರೇಜೆಲ್ ಅವರನ್ನು ಒಂದು ಹೊಡೆತದಿಂದ ಹಿಂದಿಕ್ಕಿದರು. ಇದು ಭಾರತದ ಹೊರಗೆ ಅವರ ಮೊದಲ ಗೆಲುವು. ಯುರೋಪಿಯನ್ ಟೂರ್‌ನ ನಾಲ್ಕೂ ಗೆಲುವುಗಳು ಮಾತ್ರ ಭಾರತದ ನೆಲದಲ್ಲಿಯೇ ಬಂದವು.

ಅದೇ ವರ್ಷ, 1904ರ ನಂತರ ಮೊದಲ ಬಾರಿಗೆ, ಗಾಲ್ಫ್ ಒಲಿಂಪಿಕ್ ಕ್ರೀಡಾಕೂಟಕ್ಕೆ ಮರಳಿತು. ರಿಯೊ ಕೂಟದ ಪುರುಷರ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಲಾಹಿರಿ ಮತ್ತು ಚೌರಾಸಿಯಾ ಆಡಿದರು. ಮಹಿಳೆಯರ ಸ್ಪರ್ಧೆಯಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಇದ್ದರು. ಚೌರಾಸಿಯಾ 50ನೇ ಸ್ಥಾನವನ್ನು ಹಂಚಿಕೊಂಡರು. ಬಾಂಗ್ಲಾದೇಶದ ಧ್ವಜ ಹಿಡಿದು ಅದೇ ಕೂಟಕ್ಕೆ ಬಂದವರು 2013ರ ಇಂಡಿಯನ್ ಓಪನ್ ವಿಜೇತ ಸಿದ್ದಿಕುರ್. ವರ್ಷದ ಕೊನೆಯಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಚೌರಾಸಿಯಾ ಅವರೊಂದಿಗೆ ಭಾರತದ ಪರ ಜೋಡಿಯಾಗಿ ಆಡಿದವರು ಕರ್ನಾಟಕದ ಎಸ್. ಚಿಕ್ಕರಂಗಪ್ಪ. ಏಷ್ಯಾ ಮತ್ತು ಯುರೋಪ್ ತಂಡಗಳ ನಡುವೆ ಮಲೇಷ್ಯಾದಲ್ಲಿ ನಡೆದ ಯುರೇಷ್ಯಾ ಕಪ್‌ನಲ್ಲಿ 2016 ಮತ್ತು 2018ರಲ್ಲಿ ಏಷ್ಯಾ ತಂಡದಲ್ಲಿದ್ದರು. ಎರಡು ಬಾರಿಯೂ ಯುರೋಪ್ ಗೆದ್ದಿತು.

ಆಟದ ಶೈಲಿ

ಸಹ ಆಟಗಾರರು ಚೌರಾಸಿಯಾ ಅವರಿಗೆ ಇಟ್ಟ ಅಡ್ಡಹೆಸರು ‘ಚಿಪ್‌ಪಟ್ಸಿಯಾ’. ಗ್ರೀನ್‌ನ ಹೊರಗಿನಿಂದ ಚೆಂಡನ್ನು ಮೆಲ್ಲಗೆ ಎತ್ತಿ ಕುಳಿಯ ಹತ್ತಿರಕ್ಕೆ ಉರುಳಿಸುವುದು ‘ಚಿಪ್’. ಗ್ರೀನ್ ಮೇಲೆ ಚೆಂಡನ್ನು ತಳ್ಳಿ ಕುಳಿಗೆ ಬೀಳಿಸುವುದು ‘ಪಟ್’. ಎರಡನ್ನೂ ಅವರ ಹೆಸರಿನೊಂದಿಗೆ ಬೆಸೆದ ಈ ಪದದಲ್ಲಿ ತಮಾಷೆಗಿಂತ ಮೆಚ್ಚುಗೆಯೇ ಹೆಚ್ಚು.

ದೆಹಲಿ ಗಾಲ್ಫ್ ಕ್ಲಬ್‌ನ ಲೋಧಿ ಅಂಗಳ ಅವರಿಗೆ ಒಲಿದುದಕ್ಕೂ ಇದೇ ಕಾರಣ. ನಗರದ ನಡುವಿನ ಈ ಅಂಗಳದಲ್ಲಿ ಹಳೆಯ ಗೋರಿಗಳಿವೆ, ನವಿಲುಗಳಿವೆ. ಚೆಂಡು ಸಾಗಬೇಕಾದ ಹುಲ್ಲಿನ ಹಾದಿಗಳು, ಅಂದರೆ ಫೇರ್‌ವೇಗಳು, ಬಹಳ ಕಿರಿದಾಗಿವೆ. ಅವುಗಳ ಎರಡೂ ಬದಿಗೆ ಮುಳ್ಳುಪೊದೆಗಳು ಒತ್ತಾಗಿ ಬೆಳೆದಿವೆ. ಪೊದೆ ಹೊಕ್ಕ ಚೆಂಡು ಸಿಗುವುದು ಕಷ್ಟ. ಸಿಕ್ಕರೂ ಹೊಡೆಯಲು ಆಗದು. ಹಾಗಾಗಿ ಅತಿ ದೂರ ಹೊಡೆಯುವ ‘ಡ್ರೈವರ್’ ದಂಡವನ್ನು ಅನುಭವಿಗಳು ಅಲ್ಲಿ ಚೀಲದಲ್ಲೇ ಬಿಟ್ಟು, ಕಬ್ಬಿಣದ ದಂಡಗಳಿಂದ ಚೆಂಡನ್ನು ನೇರವಾಗಿ ಇಡುವುದನ್ನು ನೆಚ್ಚುತ್ತಾರೆ. ದೂರದ ಹೊಡೆತವೇ ಬಲವಾಗಿರುವ ಯುರೋಪಿನ ಆಟಗಾರರ ಅನುಕೂಲ ಇಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಚೌರಾಸಿಯಾ ಅವರ ಏಷ್ಯನ್ ಟೂರ್ ಪ್ರಶಸ್ತಿಗಳಲ್ಲಿ ಅರ್ಧದಷ್ಟು, ಅಂದರೆ 2008, 2014 ಮತ್ತು 2016ರ ಇಂಡಿಯನ್ ಓಪನ್, ಈ ಅಂಗಳದಲ್ಲಿ ಬಂದವು. ಇದನ್ನು ಪರಿಚಿತ ನೆಲದ ಅನುಕೂಲ ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾದೀತು. ಅದೇ ನೆಲ ಇತರ ಭಾರತೀಯರಿಗೂ ಪರಿಚಿತವೇ ಆಗಿತ್ತು.

ಅಂಗಳದ ಕೆಲಸದವರಿಂದ ಬಂದ ಆಟಗಾರರು

ಚೌರಾಸಿಯಾ ಅವರನ್ನು ಒಂಟಿ ಅಪವಾದವೆಂದು ಭಾವಿಸುವುದು ಸರಿಯಲ್ಲ. ಅಲಿ ಶೇರ್ ಅವರಿಂದ ಆರಂಭವಾಗುವ ಒಂದು ಪರಂಪರೆಯೇ ಭಾರತೀಯ ಗಾಲ್ಫ್‌ನಲ್ಲಿದೆ. 2002ರ ಇಂಡಿಯನ್ ಓಪನ್ ಗೆದ್ದ ಲಖನೌದ ವಿಜಯ್ ಕುಮಾರ್ ಆ ಸಾಲಿಗೆ ಸೇರಿದವರು. ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಸಿ. ಮುನಿಯಪ್ಪ. ಕ್ಯಾಡಿಯಾಗಿದ್ದ ಅವರು 2009ರಲ್ಲಿ ಗುರುಗ್ರಾಮದಲ್ಲಿ ನಡೆದ ಇಂಡಿಯನ್ ಓಪನ್‌ನಲ್ಲಿ ದಕ್ಷಿಣ ಕೊರಿಯಾದ ಲೀ ಸಂಗ್ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿ ಪ್ರಶಸ್ತಿ ಗೆದ್ದರು. ವಿಶ್ವಕಪ್‌ನಲ್ಲಿ ಚೌರಾಸಿಯಾ ಅವರ ಜೊತೆಗಾರರಾಗಿದ್ದ ಚಿಕ್ಕರಂಗಪ್ಪ ಕೂಡ ಬಿಡದಿ ಸಮೀಪದ ಗಾಲ್ಫ್ ಅಂಗಳದ ಪಕ್ಕದ ಹಳ್ಳಿಯಿಂದ ಬಂದವರು.

ಕ್ಯಾಡಿ ಎಂದರೆ ಆಟಗಾರನ ದಂಡಗಳ ಚೀಲ ಹೊತ್ತು ಜೊತೆಗೆ ನಡೆಯುವವನು. ದೂರ ಎಷ್ಟು, ಗಾಳಿ ಎತ್ತ, ಇಳಿಜಾರು ಹೇಗೆ ಎಂದು ಹೇಳುವುದೂ ಅವನ ಕೆಲಸ. ಹೀಗೆ ಆಟದ ಜ್ಞಾನವೇನೋ ಅವನಿಗೆ ದೊರೆಯುತ್ತದೆ. ದೊರೆಯದಿರುವುದು ದಂಡಗಳು, ಚೆಂಡುಗಳು, ಅಂಗಳದಲ್ಲಿ ಆಡುವ ಅನುಮತಿ. ಪಂದ್ಯಾವಳಿಯ ಪ್ರವೇಶ ಶುಲ್ಕ, ವಿದೇಶ ಪ್ರಯಾಣದ ವೆಚ್ಚ ಆಮೇಲಿನ ಮಾತು. ಪ್ರಾದೇಶಿಕ ಟೂರ್‌ಗಳು ಇಂತಹ ಆಟಗಾರರಿಗೆ ಮಹತ್ವದ್ದಾಗುವುದು ಇಲ್ಲಿಯೇ. ಮನೆಗೆ ಹತ್ತಿರದ ಊರುಗಳಲ್ಲಿ, ಕಡಿಮೆ ಖರ್ಚಿನಲ್ಲಿ, ವರ್ಷಗಟ್ಟಲೆ ಆಡಿ ಪಳಗಲು ಅವು ಅವಕಾಶ ಕೊಡುತ್ತವೆ. ಚೌರಾಸಿಯಾ ವೃತ್ತಿಪರರಾದ ದಿನದಿಂದ ಮೊದಲ ಅಂತರರಾಷ್ಟ್ರೀಯ ಪ್ರಶಸ್ತಿಯವರೆಗೆ ಹನ್ನೊಂದು ವರ್ಷಗಳು ಬೇಕಾದವು. ದೇಶೀಯ ಟೂರ್ ಇರದಿದ್ದರೆ ಅಷ್ಟು ಕಾಲ ಆಟವನ್ನೇ ನಂಬಿ ಬದುಕುವುದು ಅವರಂತಹ ಹಿನ್ನೆಲೆಯವರಿಗೆ ಸಾಧ್ಯವಿರುತ್ತಿರಲಿಲ್ಲ.

ಪ್ರಶಸ್ತಿಗಳು ಮತ್ತು ಗೌರವ

ಏಷ್ಯನ್ ಟೂರ್‌ನಲ್ಲಿ ಚೌರಾಸಿಯಾ ಗೆದ್ದ ಪಂದ್ಯಾವಳಿಗಳು ಕ್ರಮವಾಗಿ ಇವು: ಇಂಡಿಯನ್ ಮಾಸ್ಟರ್ಸ್ (2008), ಅವಂತಾ ಮಾಸ್ಟರ್ಸ್ (2011), ಪ್ಯಾನಸಾನಿಕ್ ಓಪನ್ ಇಂಡಿಯಾ (2014), ಇಂಡಿಯನ್ ಓಪನ್ (2016), ಮನಿಲಾ ಮಾಸ್ಟರ್ಸ್ (2016), ಇಂಡಿಯನ್ ಓಪನ್ (2017). ಇವುಗಳಲ್ಲಿ ಪ್ಯಾನಸಾನಿಕ್ ಓಪನ್ ಮತ್ತು ಮನಿಲಾ ಮಾಸ್ಟರ್ಸ್ ಹೊರತು ಉಳಿದವು ಯುರೋಪಿಯನ್ ಟೂರ್‌ನ ಗೆಲುವುಗಳೂ ಆಗಿವೆ. ಇಂಡಿಯನ್ ಓಪನ್ ಅನ್ನು ಎರಡನೆಯ ಬಾರಿ ಗೆದ್ದ ವರ್ಷವೇ, 2017ರಲ್ಲಿ, ಭಾರತ ಸರ್ಕಾರ ಅವರಿಗೆ ಅರ್ಜುನ ಪ್ರಶಸ್ತಿ ನೀಡಿ ಗೌರವಿಸಿತು. ಅವರ ಹೆಸರನ್ನು ಕನ್ನಡ ಪತ್ರಿಕೆಗಳು ಚೌರಾಸಿಯಾ, ಚವ್ರಾಸಿಯಾ ಎಂದು ಎರಡು ರೀತಿಯಲ್ಲಿ ಬರೆಯುವುದರಿಂದ, ಮಾಹಿತಿ ಹುಡುಕುವವರು ಎರಡೂ ರೂಪಗಳನ್ನು ಗಮನಿಸುವುದು ಒಳಿತು.